ಪಹಣಿಯ ನೋಟ ಮತ್ತು ತಕರಾರಿನ ಹಕ್ಕು: ಸಾರ್ವಜನಿಕ ಸೇವೆಯಲ್ಲಿ ದತ್ತಾಂಶ ವಿಶ್ಲೇಷಣೆ – ಒಂದು ವಿಮರ್ಶೆ

1. ಪೀಠಿಕೆ

ಆಳುವ ವ್ಯವಸ್ಥೆ ತನ್ನ ಪ್ರಜೆಗಳ ಬಗೆಗೆ ಲೆಕ್ಕ ಇರಿಸಿಕೊಳ್ಳುವುದು ಹೊಸ ಸಂಗತಿಯಲ್ಲ. ಭೂಮಿ, ಬೆಳೆ, ಮನೆ, ಮಗ್ಗ, ದನಕರು ಇವುಗಳ ಎಣಿಕೆಯಿಲ್ಲದೆ ಯಾವ ಕಾಲದ ರಾಜ್ಯವೂ ನಡೆದಿಲ್ಲ. ಆದರೆ ಹಿಂದಿನ ಲೆಕ್ಕಕ್ಕೂ ಇಂದಿನ ದತ್ತಾಂಶ ವಿಶ್ಲೇಷಣೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಹಿಂದಿನ ಲೆಕ್ಕ ಪ್ರಧಾನವಾಗಿ ವಸೂಲಿಗಾಗಿ ಇತ್ತು. ಇಂದಿನ ವಿಶ್ಲೇಷಣೆ ಸೇವೆಯ ಹೆಸರಿನಲ್ಲಿ ನಡೆಯುತ್ತದೆ. ಯಾರಿಗೆ ಪಿಂಚಣಿ ಸಲ್ಲಬೇಕು, ಯಾವ ರೈತನ ಖಾತೆಗೆ ಬರ ಪರಿಹಾರ ಜಮೆಯಾಗಬೇಕು, ಯಾವ ಕುಟುಂಬದ ಪಡಿತರ ಚೀಟಿ ರದ್ದಾಗಬೇಕು ಎಂಬ ತೀರ್ಮಾನಗಳು ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಪರಸ್ಪರ ತಾಳೆ ನೋಡುವ ಕ್ರಮದಿಂದ ಹೊರಬೀಳುತ್ತಿವೆ. ಈ ಕ್ರಮವನ್ನು ಹೊಗಳುವವರು ಅದರ ವೇಗವನ್ನೂ ನಿಷ್ಪಕ್ಷಪಾತವನ್ನೂ ಮುಂದಿಡುತ್ತಾರೆ. ತೆಗಳುವವರು ಅದು ಪ್ರಜೆಯ ಮೇಲೆ ರಾಜ್ಯದ ಕಣ್ಗಾವಲನ್ನು ಹೆಚ್ಚಿಸುತ್ತದೆ ಎನ್ನುತ್ತಾರೆ. ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಇವೆರಡೂ ದಾಖಲೆಯ ಒಳರಚನೆಯನ್ನು ಗಮನಿಸುವುದಿಲ್ಲ.

ಪ್ರಸ್ತುತ ಪ್ರಬಂಧವು ಕರ್ನಾಟಕದ ಗ್ರಾಮೀಣ ಬದುಕಿಗೆ ಅತ್ಯಂತ ಪರಿಚಿತವಾದ ಪಹಣಿಯನ್ನು ಒಂದು ಪಠ್ಯವೆಂದು ಪರಿಗಣಿಸಿ, ಅದು ಕೈಬರಹದ ಪುಸ್ತಕದಿಂದ ಗಣಕಕ್ಕೂ, ಗಣಕದಿಂದ ವಿಶ್ಲೇಷಣೆಯ ಜಾಲಕ್ಕೂ ಸಾಗಿಬಂದ ಬಗೆಯನ್ನು ಪರಿಶೀಲಿಸುತ್ತದೆ. ಪಹಣಿಯ ಕಾನೂನಿನಲ್ಲಿ ಎರಡು ಅಂಶಗಳು ಜೊತೆಜೊತೆಯಾಗಿ ಇದ್ದವು: ಬರೆದದ್ದನ್ನು ನಿಜವೆಂದು ನಂಬುವ ನಿಯಮ ಹಾಗೂ ಬರೆಯುವ ಮುನ್ನ ತಕರಾರು ಹೂಡುವ ಹಕ್ಕು. ದತ್ತಾಂಶ ವಿಶ್ಲೇಷಣೆ ಇವುಗಳಲ್ಲಿ ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಹಿಂದೆ ಬಿಟ್ಟಿದೆ ಎಂಬುದು ಈ ಪ್ರಬಂಧದ ನಿಲುವು.

2. ಪಹಣಿ: ನೋಡುವ ಕ್ರಿಯೆಯಿಂದ ದಾಖಲೆಗೆ

'ಪಹಣಿ' ಎಂಬ ಮಾತು ಕಂದಾಯದ ಪರಿಭಾಷೆಯ ಇನ್ನಿತರ ಅನೇಕ ಶಬ್ದಗಳಂತೆ ಹೊರಗಿನಿಂದ ಬಂದದ್ದು. ಮರಾಠಿಯಲ್ಲಿ 'ಪಾಹಣೆ' ಎಂದರೆ ನೋಡುವುದು; 'ಪಾಹಣೀ' ಎಂದರೆ ಸ್ಥಳಕ್ಕೆ ಹೋಗಿ ಮಾಡುವ ಪರಿಶೀಲನೆ. ಹೀಗೆ ಪಹಣಿ ಮೂಲತಃ ಒಂದು ಕ್ರಿಯೆಯ ಹೆಸರು. ಒಬ್ಬ ಮನುಷ್ಯ ಹೊಲದ ಬದುವಿನ ಮೇಲೆ ನಿಂತು ಬೆಳೆಯನ್ನು, ಉಳುವವನನ್ನು ಕಣ್ಣಾರೆ ಕಂಡು ಬರೆದುಕೊಳ್ಳುವುದು ಅದರ ಅರ್ಥ. ಕಾಲಕ್ರಮದಲ್ಲಿ ಆ ನೋಟದ ಫಲವಾದ ಕಾಗದಕ್ಕೇ ಪಹಣಿ ಎಂಬ ಹೆಸರು ನಿಂತಿತು. ಇಂದು ಪಹಣಿ 'ತೆಗೆಸುವ', 'ಪಡೆಯುವ' ವಸ್ತು, 'ಮಾಡುವ' ಕೆಲಸವಲ್ಲ. ಈ ಅರ್ಥವ್ಯತ್ಯಾಸವು ಆಡಳಿತದ ಇತಿಹಾಸವನ್ನೇ ಸೂಚಿಸುತ್ತದೆ.

ಇದಕ್ಕೆ ಸಮಾನಾಂತರವಾದ ಇನ್ನೊಂದು ಪದ 'ಶಿಸ್ತು'. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯ ಗುಣವನ್ನು ಆಧರಿಸಿ ವರ್ಗೀಕರಿಸಿ ಕಂದಾಯ ನಿಗದಿಪಡಿಸಿದ ಏರ್ಪಾಡು 'ಶಿವಪ್ಪನಾಯಕನ ಶಿಸ್ತು' ಎಂದೇ ಪ್ರಸಿದ್ಧವಾಗಿದೆ. ಅಲ್ಲಿ ಶಿಸ್ತು ಎಂದರೆ ಕಂದಾಯದ ನಿಗದಿ. ಇಂದಿನ ಬಳಕೆಯಲ್ಲಿ ಅದು ನಡವಳಿಕೆಯ ಕಟ್ಟುಪಾಡು. ಭೂಮಿಯನ್ನು ಅಳೆಯುವ ಕೆಲಸವೂ ಜನರನ್ನು ಒಂದು ಕ್ರಮಕ್ಕೆ ಒಳಪಡಿಸುವ ಕೆಲಸವೂ ಬೇರೆಬೇರೆಯಲ್ಲ ಎಂಬುದಕ್ಕೆ ಈ ಎರಡು ಅರ್ಥಗಳ ಸಹವಾಸವೇ ಸಾಕ್ಷಿಯಂತಿದೆ. ಜೇಮ್ಸ್ ಸಿ. ಸ್ಕಾಟ್ ತಮ್ಮ 'ಸೀಯಿಂಗ್ ಲೈಕ್ ಎ ಸ್ಟೇಟ್' (1998) ಕೃತಿಯಲ್ಲಿ, ಆಧುನಿಕ ರಾಜ್ಯವು ಸಂಕೀರ್ಣವಾದ ಸ್ಥಳೀಯ ವಾಸ್ತವವನ್ನು ತನಗೆ ಓದಲು ಬರುವಂತೆ ಸರಳಗೊಳಿಸಿಕೊಳ್ಳುತ್ತದೆ ಎಂದು ವಾದಿಸಿದ್ದಾರೆ. ಆ ವಾದಕ್ಕೆ ಕನ್ನಡದ ಕಂದಾಯ ಪರಿಭಾಷೆ ತನ್ನದೇ ಆದ ಪುರಾವೆಗಳನ್ನು ಒದಗಿಸುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಈ ಲೆಕ್ಕ ಶಾನುಭೋಗನ ಕೈಯಲ್ಲಿತ್ತು. ಮಸಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದ ಲೆಕ್ಕ ಊರಿನ ಆಸ್ತಿಯೂ ಹೌದು, ಶಾನುಭೋಗನ ಅಧಿಕಾರದ ಮೂಲವೂ ಹೌದು. ಆ ಅಧಿಕಾರದ ದುರುಪಯೋಗ ಜನಜನಿತವಾದುದು. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ಕನ್ನಡ ಕಾದಂಬರಿ ಗುರುತಿಸಿದೆ. ಎಸ್.ಎಲ್. ಭೈರಪ್ಪನವರ 'ಗೃಹಭಂಗ' (1970) ಕಾದಂಬರಿಯಲ್ಲಿ ಶಾನುಭೋಗಿಕೆ ಚೆನ್ನಿಗರಾಯನದು. ಲೆಕ್ಕ ಬರೆಯುವ ಶ್ರಮ ಅವನ ಹೆಂಡತಿ ನಂಜಮ್ಮನದು. ಇಡೀ ಗ್ರಾಮದ ಭೂಮಿಯನ್ನು ದಾಖಲಿಸುವ ಕೈ ಆ ದಾಖಲೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ದಾಖಲೆಯು ಸುಳ್ಳು ಹೇಳುತ್ತಿಲ್ಲ. ಹೇಳಲು ಅದರಲ್ಲಿ ಜಾಗವಿಲ್ಲ. ಈ ಭೇದ ಮುಂದಿನ ಚರ್ಚೆಗೆ ಮುಖ್ಯವಾದುದು. ದಾಖಲೆಯ ದೋಷಗಳಲ್ಲಿ ತಪ್ಪು ನಮೂದು ಒಂದು ಬಗೆ, ನಮೂದಿಗೆ ಸ್ಥಳವೇ ಇಲ್ಲದಿರುವುದು ಇನ್ನೊಂದು ಬಗೆ. ಗಣಕೀಕರಣವು ಮೊದಲನೆಯ ಬಗೆಯನ್ನು ಕಡಿಮೆ ಮಾಡಬಲ್ಲದು. ಎರಡನೆಯದನ್ನು ಅದು ಮುಟ್ಟುವುದಿಲ್ಲ.

1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು ಕೊನೆಗೊಳಿಸಿತು. ಆ ಸ್ಥಾನಕ್ಕೆ ಸಂಬಳದ ಗ್ರಾಮ ಲೆಕ್ಕಾಧಿಕಾರಿ ಬಂದರು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿದೆ. 1964ರ ಭೂಕಂದಾಯ ಕಾಯಿದೆ ಪಹಣಿಗೆ ಇಂದಿನ ಕಾನೂನು ರೂಪವನ್ನು ನೀಡಿತು.

3. 'ಭೂಮಿ' ಯೋಜನೆಯ ಎರಡು ಓದುಗಳು

ಕಂದಾಯ ಇಲಾಖೆಯ 'ಭೂಮಿ' ಯೋಜನೆಯು ಈ ಶತಮಾನದ ಆರಂಭದಲ್ಲಿ ದೇಶದ ಗಮನ ಸೆಳೆಯಿತು. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳಲ್ಲಿಯೂ ಗಣಕೀಕೃತ ಪಹಣಿ ದೊರೆಯತೊಡಗಿತು. ಒಂಬತ್ತು ಸಾವಿರದಷ್ಟು ಗ್ರಾಮ ಲೆಕ್ಕಾಧಿಕಾರಿಗಳ ಬಳಿ ಚದುರಿಹೋಗಿದ್ದ ಪುಸ್ತಕಗಳ ಬದಲಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮ ತಂತ್ರಾಂಶದೊಳಗೇ ಸೇರಿತು. ತಿದ್ದಿದ ಅಧಿಕಾರಿಯ ಗುರುತು ಬೆರಳಚ್ಚಿನ ಮೂಲಕ ಉಳಿಯುವಂತಾಯಿತು.

ಈ ಯೋಜನೆಯನ್ನು ಕುರಿತ ಎರಡು ಅಧ್ಯಯನಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹಳೆಯ ವ್ಯವಸ್ಥೆಯ ಬಳಕೆದಾರರಲ್ಲಿ ಮೂರನೇ ಎರಡರಷ್ಟು ಜನ ಲಂಚ ಕೊಟ್ಟಿದ್ದಾಗಿ ಹೇಳಿದರೆ, ಭೂಮಿ ಕೇಂದ್ರಗಳ ಬಳಕೆದಾರರಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರು ಮಾತ್ರ. ಐದು ವರ್ಷಗಳ ನಂತರ, 2007ರಲ್ಲಿ, ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಸುತ್ತಮುತ್ತಲ ಪ್ರದೇಶವನ್ನು ಆಧರಿಸಿದ ಅಧ್ಯಯನದಲ್ಲಿ ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು ನೀಡಿದರು. ದಾಖಲೆಗಳು ಕೇಂದ್ರೀಕೃತವಾದುದರಿಂದ ಲಂಚದ ಮೊತ್ತವೂ ಕೆಲಸಕ್ಕೆ ಹಿಡಿಯುವ ಕಾಲವೂ ಹೆಚ್ಚಿದವು, ದೊಡ್ಡ ಭೂವ್ಯವಹಾರಗಾರರಿಗೆ ಜಮೀನು ಗುರುತಿಸಿ ಪಡೆಯುವುದು ಸುಲಭವಾಯಿತು ಎಂಬುದು ಅವರ ವಾದ.

ಈ ಎರಡು ಓದುಗಳಲ್ಲಿ ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಿಹಾಕುವುದು ವಾಡಿಕೆ. ವಾಸ್ತವದಲ್ಲಿ ಇವು ಒಂದೇ ಪ್ರಶ್ನೆಗೆ ಬಂದ ಎರಡು ಉತ್ತರಗಳಲ್ಲ. ಮೊದಲನೆಯದು ಇರುವ ದಾಖಲೆಯ ಪ್ರತಿಯನ್ನು ಪಡೆಯುವವನ ಅನುಭವವನ್ನು ಮುಖ್ಯವಾಗಿ ಅಳೆಯಿತು. ಎರಡನೆಯದು ದಾಖಲೆ ಬದಲಾಗುವಾಗ ಏನು ನಡೆಯುತ್ತದೆ, ಆ ಬದಲಾವಣೆಯ ಲಾಭ ಯಾರ ಪಾಲಾಗುತ್ತದೆ ಎಂಬುದನ್ನು ನೋಡಿತು. ನಕಲು ಪಡೆಯುವುದು ಸುಲಭವಾಗಿರುವಲ್ಲಿಯೇ ತಿದ್ದುಪಡಿ ಕಠಿಣವಾಗಿರಬಹುದು. ಸಾರ್ವಜನಿಕ ಸೇವೆಯ ಸುಧಾರಣೆಯನ್ನು ಕಿಟಕಿಯ ಮುಂದಿನ ಸಾಲಿನ ಉದ್ದದಿಂದ ಅಳೆಯುವವರು ಈ ಅಂತರವನ್ನು ಗಮನಿಸುವುದಿಲ್ಲ.

4. ಕಾಲಮುಗಳು ಕಂಡದ್ದು, ಕಾಣದ್ದು

ಪಹಣಿಯ ಪೂರ್ಣ ಹೆಸರು ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ. ಅದರ 9ನೇ ಕಾಲಂ ಸ್ವಾಧೀನದಾರನ ಹೆಸರು ಮತ್ತು ವಿಸ್ತೀರ್ಣವನ್ನು, 11ನೇ ಕಾಲಂ ಇತರ ಹಕ್ಕು ಮತ್ತು ಋಣಗಳನ್ನು, 12ನೇ ಕಾಲಂ ಸಾಗುವಳಿದಾರ ಮತ್ತು ಬೆಳೆಗಳ ವಿವರವನ್ನು ಹೇಳುತ್ತವೆ. ಈ ಕಾಲಮುಗಳು ತಟಸ್ಥ ಪೆಟ್ಟಿಗೆಗಳಲ್ಲ. ಪ್ರತಿಯೊಂದರ ಹಿಂದೆ ಒಂದು ಕಾನೂನಿನ ಇತಿಹಾಸವಿದೆ.

12ನೇ ಕಾಲಮನ್ನೇ ನೋಡಬಹುದು. ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಈ ಕಾಲಂ ಬಡ ಗೇಣಿದಾರನ ಪಾಲಿಗೆ ಜೀವನ್ಮರಣದ ಪ್ರಶ್ನೆಯಾಯಿತು. ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಲಿಯ ಮುಂದೆ ನಿಂತವನಿಗೆ ತನ್ನ ಹೆಸರು ಸಾಗುವಳಿದಾರನೆಂದು ಪಹಣಿಯಲ್ಲಿ ಇರುವುದು ದೊಡ್ಡ ಆಧಾರವಾಗಿತ್ತು. ಬಾಯಿಮಾತಿನ ಗೇಣಿಯ ಮೇಲೆ ತಲೆಮಾರುಗಳಿಂದ ಉತ್ತವನಿಗೆ ಆ ಆಧಾರವಿರಲಿಲ್ಲ. ಕಾರಂತರ 'ಚೋಮನ ದುಡಿ' (1933) ಚಿತ್ರಿಸಿದಂತೆ, ಜಾತಿಯ ಕಾರಣಕ್ಕಾಗಿಯೇ ಬೇಸಾಯದ ಭೂಮಿಯಿಂದ ದೂರ ಉಳಿದವನಂತೂ ಯಾವ ಕಾಲಮಿನ ಅಂಚಿಗೂ ಬರಲಿಲ್ಲ.

ಅದೇ ಶಾಸನವು ಗೇಣಿ ಪದ್ಧತಿಯನ್ನು ನಿಷೇಧಿಸಿದ ಮೇಲೆ ಇನ್ನೊಂದು ಪರಿಣಾಮವಾಯಿತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕೃಷಿಭೂಮಿಯನ್ನು ಗೇಣಿಗೆ ಕೊಡುವುದು ಕಾನೂನುಬಾಹಿರವಾಯಿತು. ಆದರೆ ವಾರಕ್ಕೆ, ಗುತ್ತಿಗೆಗೆ, ಕೋರಿಗೆ ಭೂಮಿ ಪಡೆದು ಉಳುವ ರೂಢಿ ನಿಲ್ಲಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇರಬಾರದ ಸಂಬಂಧವನ್ನು ದಾಖಲೆ ಬರೆದುಕೊಳ್ಳಲಾರದು. ಹೀಗಾಗಿ ಗೇಣಿಯ ಹೆಸರನ್ನು ಹೊತ್ತ ದಾಖಲೆಯಲ್ಲಿಯೇ ಇಂದಿನ ಗೇಣಿದಾರ ಅದೃಶ್ಯನಾದ. ಗೇಣಿದಾರನನ್ನು ಭೂಮಾಲೀಕನನ್ನಾಗಿಸಿದ ಪ್ರಗತಿಪರ ಶಾಸನವೇ ಅವನ ನಂತರ ಬಂದ ಗೇಣಿದಾರನನ್ನು ದಾಖಲೆಯಿಂದ ಹೊರಗಿರಿಸಿದ್ದು ವಿಪರ್ಯಾಸ. ಈ ದಾಖಲೆಯನ್ನು ಎಷ್ಟು ಸೂಕ್ಷ್ಮವಾಗಿ ವಿಶ್ಲೇಷಿಸಿದರೂ ಆ ಮನುಷ್ಯ ಸಿಗುವುದಿಲ್ಲ.

ಇರುವ ಹೆಸರುಗಳ ಸ್ಥಿತಿಯೂ ಸರಳವಲ್ಲ. 2024ರಲ್ಲಿ ಪಹಣಿಗಳಿಗೆ ಆಧಾರ್ ಜೋಡಿಸುವ ಕಾರ್ಯ ರಾಜ್ಯದಾದ್ಯಂತ ನಡೆದಾಗ ಲಕ್ಷಗಟ್ಟಲೆ ಜಮೀನುಗಳು ತೀರಿಹೋದವರ ಹೆಸರಿನಲ್ಲಿಯೇ ಉಳಿದಿರುವುದು ಹೊರಬಿತ್ತು. ಪೌತಿ ಖಾತೆಯಾಗದೆ, ಭಾಗವಾಗದೆ, ಅಜ್ಜನ ಹೆಸರಿನಲ್ಲಿಯೇ ಮೊಮ್ಮಕ್ಕಳು ಉಳುತ್ತಿರುವ ಹೊಲಗಳಿವು. ಇದು ದತ್ತಾಂಶ ವಿಶ್ಲೇಷಣೆಯ ನಿಜವಾದ ಉಪಕಾರಗಳಲ್ಲಿ ಒಂದು ಎಂಬುದನ್ನು ಒಪ್ಪಬೇಕು. ಒಂದು ದಾಖಲೆಯನ್ನು ಇನ್ನೊಂದರ ಪಕ್ಕದಲ್ಲಿ ಇಟ್ಟಾಗಲೇ ಈ ಸತ್ಯ ಇಷ್ಟು ವ್ಯಾಪಕವಾಗಿ ಕಾಣಿಸಿತು. ಆದರೆ ಅದೇ ಸಂಗತಿ ಇನ್ನೊಂದನ್ನೂ ಹೇಳುತ್ತದೆ. ಈ ಶತಮಾನದ ಆರಂಭದಲ್ಲಿ ಗಣಕಕ್ಕೆ ಸೇರಿ, ಅಂದಿನಿಂದ 'ನಿಖರ' ಎಂಬ ಹೆಸರು ಪಡೆದಿದ್ದ ದಾಖಲೆ ಇಷ್ಟು ಕಾಲ ಸತ್ತವರನ್ನು ಬದುಕಿರುವವರೆಂದೇ ಎಣಿಸುತ್ತಿತ್ತು. ಗಣಕೀಕರಣ ಹಳೆಯ ನಮೂದಿಗೆ ಹೊಸ ಅಧಿಕೃತತೆಯನ್ನು ಕೊಟ್ಟಿತೇ ಹೊರತು ಹೊಸ ನೋಟವನ್ನು ಕೊಡಲಿಲ್ಲ. 3ನೇ ಕಾಲಮಿನ ವಿಸ್ತೀರ್ಣಕ್ಕೂ 9ನೇ ಕಾಲಮಿನ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿಗಳು, ಅವುಗಳನ್ನು ಸರಿಪಡಿಸಲು ಕರೆಯಬೇಕಾದ ಕಂದಾಯ ಅದಾಲತ್‌ಗಳು ಇದಕ್ಕೆ ಪೂರಕ ನಿದರ್ಶನಗಳು.

5. ದಾಖಲೆಯಿಂದ ವಿಶ್ಲೇಷಣೆಗೆ

ಪಹಣಿ ಒಂದು ಒಂಟಿ ದಾಖಲೆಯಾಗಿದ್ದಾಗ ಅದರ ಕೊರತೆಯ ಪರಿಣಾಮ ಸೀಮಿತವಾಗಿತ್ತು. ಜಮೀನಿನ ಮಾರಾಟ, ಬ್ಯಾಂಕಿನ ಸಾಲ, ನ್ಯಾಯಾಲಯದ ವ್ಯಾಜ್ಯ ಇವು ಅದರ ಮುಖ್ಯ ಉಪಯೋಗಗಳು. ಕಳೆದ ಕೆಲವು ವರ್ಷಗಳಲ್ಲಿ ಅದು ಒಂದು ದೊಡ್ಡ ಜಾಲದ ಗಂಟಾಗಿದೆ. ರೈತರ ನೋಂದಣಿಯ 'ಫ್ರೂಟ್ಸ್' ತಂತ್ರಾಂಶವು ಪ್ರತಿ ರೈತನಿಗೆ ಒಂದು ಗುರುತಿನ ಸಂಖ್ಯೆ ಕೊಟ್ಟು ಅವನ ಸರ್ವೆ ನಂಬರುಗಳನ್ನು ಅದಕ್ಕೆ ಜೋಡಿಸುತ್ತದೆ. ಬೆಳೆ ಸಮೀಕ್ಷೆಯ ಆ್ಯಪ್ ಜಮೀನಿನ ಸ್ಥಳಗುರುತಿನೊಂದಿಗೆ ಬೆಳೆಯ ಛಾಯಾಚಿತ್ರವನ್ನು ಸೇರಿಸುತ್ತದೆ. 'ಕುಟುಂಬ' ದತ್ತಾಂಶ ಸಂಚಯವು ಪಡಿತರ ಚೀಟಿಯ ಕುಟುಂಬವನ್ನು ಘಟಕವಾಗಿಟ್ಟುಕೊಂಡು ವಿವಿಧ ಯೋಜನೆಗಳ ಅರ್ಹತೆಯನ್ನು ಗುರುತಿಸಲು ನೆರವಾಗುತ್ತದೆ. ಹಿಂದೆ ಪ್ರಜೆ ಅರ್ಜಿ ಹಿಡಿದು ಕಚೇರಿಗೆ ಬರುತ್ತಿದ್ದ. ಈಗ ರಾಜ್ಯವೇ ದಾಖಲೆಗಳಿಂದ ಅವನ ಸ್ಥಿತಿಯನ್ನು ಊಹಿಸುತ್ತದೆ. ತತ್ತ್ವತಃ ಇದು ಒಳ್ಳೆಯ ಬದಲಾವಣೆ. ಅರ್ಜಿ ಬರೆಯಲಾರದ, ಕಚೇರಿಗೆ ಅಲೆಯಲಾರದ, ಮಧ್ಯವರ್ತಿಗೆ ಹಣ ಕೊಡಲಾರದ ಬಡವನಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಗಬೇಕು.

ಎಲ್ಲಿ ಪ್ರಯೋಜನವಾಯಿತು ಎಂಬುದಕ್ಕೆ ಮಳೆಯ ಲೆಕ್ಕ ಒಳ್ಳೆಯ ಉದಾಹರಣೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾಗಿ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆಯು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನು ಕಟ್ಟಿತು. ಮಳೆಯು ಹೋಬಳಿಯಿಂದ ಹೋಬಳಿಗೆ, ಒಮ್ಮೊಮ್ಮೆ ಊರಿನಿಂದ ಊರಿಗೆ ಬೇರೆಯಾಗುವ ಒಳನಾಡಿನಲ್ಲಿ ತಾಲ್ಲೂಕಿನ ಒಂದು ಮಾಪಕ ಹೇಳುತ್ತಿದ್ದ ಸರಾಸರಿ ಅನ್ಯಾಯಕ್ಕೆ ಕಾರಣವಾಗುತ್ತಿತ್ತು. ಅದನ್ನು ಈ ಜಾಲ ಬಹುಮಟ್ಟಿಗೆ ಸರಿಪಡಿಸಿತು. ಮಳೆಗೆ ಖಾತೆಯಿಲ್ಲ, ಜಾತಿಯಿಲ್ಲ. ಅದನ್ನು ಅಳೆಯುವ ಉಪಕರಣವನ್ನು ಹೆಚ್ಚಿಸಿದರೆ ಸತ್ಯಕ್ಕೆ ಹತ್ತಿರವಾಗಬಹುದು. ಆದರೆ ಮಳೆ ಬಾರದುದರ ನಷ್ಟ ಯಾರದು ಎಂಬ ಪ್ರಶ್ನೆ ಬಂದೊಡನೆ ವಿಶ್ಲೇಷಣೆ ಮತ್ತೆ ಪಹಣಿಯ ಬಾಗಿಲಿಗೆ ಬರಬೇಕಾಗುತ್ತದೆ.

2023ರ ಬರ ಇದನ್ನು ಸ್ಪಷ್ಟಪಡಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಕೇಂದ್ರದ ನೆರವು ತಡವಾದಾಗ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ 2,000 ರೂಪಾಯಿವರೆಗಿನ ಮೊದಲ ಕಂತನ್ನು ಫ್ರೂಟ್ಸ್ ದಾಖಲೆಯ ಆಧಾರದ ಮೇಲೆ ನೇರವಾಗಿ ರೈತರ ಖಾತೆಗಳಿಗೆ ಜಮೆ ಮಾಡಿತು. ಗ್ರಾಮ ಮಟ್ಟದಲ್ಲಿ ಪಟ್ಟಿ ಬರೆದು ಹಂಚುತ್ತಿದ್ದ ಹಿಂದಿನ ಕ್ರಮದಲ್ಲಿ ನಡೆಯುತ್ತಿದ್ದ ಸೋರಿಕೆಗೆ ಇದು ತಡೆಯಾಯಿತು. ಆದರೆ ಜಮೀನಿನ ಪೂರ್ಣ ವಿವರ ಫ್ರೂಟ್ಸ್‌ನಲ್ಲಿ ಸೇರದಿದ್ದವರು ಮೊದಲು ನೋಂದಣಿಗೆ ನಿಲ್ಲಬೇಕಾಯಿತು. ತೀರಿಹೋದ ತಂದೆಯ ಹೆಸರಿನಲ್ಲಿ ಖಾತೆ ಉಳಿದಿದ್ದವರು ತೊಡಕಿಗೆ ಸಿಕ್ಕಿದರು. ವಾರಕ್ಕೆ ಉತ್ತವನ ಬಿತ್ತನೆಯ ಖರ್ಚು ಒಣಗಿದ ಬೆಳೆಯೊಂದಿಗೆ ಹೋಯಿತು. ಪರಿಹಾರ 9ನೇ ಕಾಲಮಿನ ಹೆಸರಿಗೆ ಸಂದಿತು. ಇಲ್ಲಿ ಯಾರೂ ವಂಚಿಸಲಿಲ್ಲ, ಯಾರೂ ತಪ್ಪು ಎಣಿಸಲಿಲ್ಲ. ವ್ಯವಸ್ಥೆ ತನಗೆ ಕಂಡವನಿಗೆ ಪ್ರಾಮಾಣಿಕವಾಗಿ ಹಣ ಕೊಟ್ಟಿತು.

ಹೆಸರುಗಳನ್ನು ತಾಳೆ ನೋಡುವ ಕೆಲಸದಲ್ಲಿ ಭಾಷೆಯ ತೊಡಕೂ ಇದೆ. ಪಹಣಿಯ ಹೆಸರು 'ಬಿನ್', 'ಕೋಂ' ಎಂಬ ಸಂಬಂಧಸೂಚಕಗಳೊಂದಿಗೆ ಕನ್ನಡದಲ್ಲಿರುತ್ತದೆ: ಇಂಥವನು ಬಿನ್ ಇಂಥವನು, ಇಂಥವಳು ಕೋಂ ಇಂಥವನು. ಆಧಾರ್ ಮತ್ತು ಬ್ಯಾಂಕಿನ ದಾಖಲೆಗಳಲ್ಲಿ ಅದೇ ವ್ಯಕ್ತಿ ಇಂಗ್ಲಿಷ್ ಅಕ್ಷರಗಳ ಇನಿಶಿಯಲ್ಲಿನೊಂದಿಗೆ ಬೇರೊಂದು ಕಾಗುಣಿತದಲ್ಲಿ ಇರಬಹುದು. ಊರಿನವರಿಗೆ ಒಬ್ಬನೇ ಆದವನು ಯಂತ್ರಕ್ಕೆ ಇಬ್ಬರಾಗುತ್ತಾನೆ; ಊರಿನವರಿಗೆ ಇಬ್ಬರಾದವರು ಯಂತ್ರಕ್ಕೆ ಒಬ್ಬರಾಗುವುದೂ ಉಂಟು.

ಕಾಲಮುಗಳು ಬದಲಾಗಲಾರದ ವಿಧಿಗಳಲ್ಲ ಎಂಬುದನ್ನೂ ಇದೇ ಸಂದರ್ಭದಲ್ಲಿ ಹೇಳಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ವಯಸ್ಕ ಮಹಿಳೆಯನ್ನೇ ಕುಟುಂಬದ ಯಜಮಾನಿಯಾಗಿ ಕಾಣಿಸಬೇಕೆಂದು ವಿಧಿಸಿತು. ಹತ್ತು ವರ್ಷಗಳ ನಂತರ, 2023ರಲ್ಲಿ ಆರಂಭವಾದ 'ಗೃಹಲಕ್ಷ್ಮಿ' ಯೋಜನೆಯ ತಿಂಗಳ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಹೋಗುವಂತಾದುದಕ್ಕೆ ಆ ಕಾಲಂ ಸಿದ್ಧವಾಗಿ ಇದ್ದುದು ನೆರವಾಯಿತು. ನಂಜಮ್ಮನಿಗೆ ಸಿಗದ ಸ್ಥಳ ಇಲ್ಲಿ ಶಾಸನದ ಒಂದು ಸಾಲಿನಿಂದ ನಿರ್ಮಾಣವಾಯಿತು. ಆದುದರಿಂದ ಯಾವ ಕಾಲಂ ಇರಬೇಕು ಎಂಬುದು ತಂತ್ರಜ್ಞರ ಪ್ರಶ್ನೆಯಲ್ಲ, ರಾಜಕೀಯ ತೀರ್ಮಾನದ ಪ್ರಶ್ನೆ.

6. ನಂಬಿಕೆ ಮತ್ತು ತಕರಾರು

ಈಗ ಮೂಲ ವಾದಕ್ಕೆ ಬರಬಹುದು. 1964ರ ಭೂಕಂದಾಯ ಕಾಯಿದೆಯ 133ನೇ ಪ್ರಕರಣದ ಪ್ರಕಾರ, ಹಕ್ಕುದಾಖಲೆಯಲ್ಲಿನ ನಮೂದನ್ನು ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ ನಿಜವೆಂದೇ ಭಾವಿಸಬೇಕು. ಆಡಳಿತ ನಡೆಯಬೇಕಾದರೆ ಇಂಥ ಒಂದು ಪೂರ್ವಭಾವನೆ ಅಗತ್ಯ. ಆದರೆ ಅದೇ ಕಾಯಿದೆಯ 129ನೇ ಪ್ರಕರಣವು ಆ ನಂಬಿಕೆಗೆ ಬೆಲೆ ಕಟ್ಟಿಸಿಕೊಳ್ಳುತ್ತದೆ. ಖಾತೆ ಬದಲಾವಣೆಯ ನಮೂದಾದಾಗ ಅದನ್ನು ಚಾವಡಿಯಲ್ಲಿ ಪ್ರಕಟಿಸಬೇಕು. ಸಂಬಂಧಪಟ್ಟವರಿಗೆ ತಿಳುವಳಿಕೆ ಕೊಡಬೇಕು. ತಕರಾರು ಬಂದರೆ ಅದಕ್ಕೆ ಸ್ವೀಕೃತಿ ನೀಡಿ ವಿವಾದಿತ ಪ್ರಕರಣಗಳ ರಿಜಿಸ್ಟರಿನಲ್ಲಿ ಬರೆದು ವಿಚಾರಣೆ ನಡೆಸಬೇಕು. ನಿರ್ಣಯ ಒಪ್ಪಿಗೆಯಾಗದವನು 136ನೇ ಪ್ರಕರಣದಂತೆ ಮೇಲ್ಮನವಿಗೆ ಹೋಗಬಹುದು. ಹೀಗೆ ದಾಖಲೆಯ ಅಧಿಕೃತತೆಯು ತಕರಾರಿನ ಅವಕಾಶದಿಂದಲೇ ಹುಟ್ಟುತ್ತದೆ. ಊರಿನ ಎದುರು ಪ್ರಕಟವಾಗಿ, ಯಾರೂ ಅಲ್ಲಗಳೆಯದೆ ಉಳಿದದ್ದರಿಂದ ಅದು ನಂಬಿಕೆಗೆ ಅರ್ಹವಾಗುತ್ತದೆ.

ಈ ವಿಧಿ ಕಾಗದದ ಮೇಲೆ ಇದ್ದಷ್ಟು ಆಚರಣೆಯಲ್ಲಿ ಇರಲಿಲ್ಲ ಎಂಬುದು ನಿಜ. ಚಾವಡಿಯ ನೋಟೀಸು ಓದಲಾರದವರು ಬಹಳ ಜನ. ಓದಿದರೂ ಊರ ಗೌಡನ ವಿರುದ್ಧ ತಕರಾರು ಹೂಡುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಆದರೂ ತಕರಾರು ಎಂಬುದಕ್ಕೆ ಒಂದು ಹೆಸರು, ಒಂದು ರಿಜಿಸ್ಟರು, ಒಂದು ಅವಧಿ, ಕೇಳಿಸಿಕೊಳ್ಳಬೇಕಾದ ಒಬ್ಬ ಅಧಿಕಾರಿ ಇದ್ದರು. ಖಾತೆ ಬದಲಾವಣೆಯಲ್ಲಿ ಮೊದಲು 30 ದಿನಗಳಿದ್ದ ಆಕ್ಷೇಪಣೆಯ ಅವಧಿ ಇತ್ತೀಚಿನ ವರ್ಷಗಳಲ್ಲಿ ಮೊಟಕಾಗಿರುವುದನ್ನು ಸೇವಾ ಸುಧಾರಣೆಯೆಂದೇ ವರ್ಣಿಸಲಾಗುತ್ತಿದೆ. ಖರೀದಿದಾರನ ಕಡೆಯಿಂದ ನೋಡಿದರೆ ಅದು ಸುಧಾರಣೆ ಹೌದು. ಸಹಿ ಹಾಕದ ಸಹೋದರಿಯ ಕಡೆಯಿಂದ ನೋಡಿದರೆ ಹಾಗೆ ಹೇಳಲಾಗದು.

ದತ್ತಾಂಶಗಳ ತಾಳೆಯಿಂದ ಹೊರಬರುವ ತೀರ್ಮಾನಗಳಿಗೆ ಇಷ್ಟು ಮಾತ್ರದ ವಿಧಿಯೂ ಇಲ್ಲ. ನೆರೆಯ ತೆಲಂಗಾಣದ ಅನುಭವ ಇಲ್ಲಿ ಪ್ರಸ್ತುತ. 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ಹಲವು ಇಲಾಖೆಗಳ ದಾಖಲೆಗಳನ್ನು ಜೋಡಿಸಿ ಅನರ್ಹರನ್ನು ಗುರುತಿಸುತ್ತಿತ್ತು. ಅಲ್ಲಿ ಗಣಕದ ಮಾನದಂಡಗಳನ್ನು ಅವಲಂಬಿಸಿ ಪಡಿತರ ಚೀಟಿಗಳು ದೊಡ್ಡ ಸಂಖ್ಯೆಯಲ್ಲಿ ರದ್ದಾದವು. ರದ್ದಾದ ಸುಮಾರು 19 ಲಕ್ಷ ಚೀಟಿಗಳ ವಿಷಯದಲ್ಲಿ ಸ್ಥಳಪರಿಶೀಲನೆ ನಡೆಸುವಂತೆ ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ಸೂಚಿಸಬೇಕಾಯಿತು. ನ್ಯಾಯಾಲಯ ಕೇಳಿದ್ದು ಹೊಸದೇನನ್ನೂ ಅಲ್ಲ. ಹೋಗಿ ನೋಡಿರಿ ಎಂಬ, ಪಹಣಿ ಶಬ್ದದ ಮೂಲಾರ್ಥವನ್ನೇ ಅದು ಆಡಳಿತಕ್ಕೆ ನೆನಪಿಸಿತು. ನೆದರ್‌ಲೆಂಡ್ಸ್‌ನಲ್ಲಿ ಸಾಮಾಜಿಕ ಭದ್ರತೆಯ ವಂಚನೆಯನ್ನು ಊಹಿಸುವ 'ಸಿರಿ' ಎಂಬ ವ್ಯವಸ್ಥೆಯನ್ನು ಹೇಗ್ ನಗರದ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ಅಸಿಂಧುಗೊಳಿಸಿದಾಗಲೂ, ಅದು ಪಾರದರ್ಶಕವಲ್ಲ, ಪರಿಶೀಲನೆಗೆ ಒಳಪಡುವಂಥದಲ್ಲ ಎಂಬುದು ಮುಖ್ಯ ಆಕ್ಷೇಪವಾಗಿತ್ತು. ಸಿರಿವಂತ ದೇಶದ ಸುಸಜ್ಜಿತ ದಾಖಲೆಗಳಿಗೂ ಈ ಕೊರತೆ ತಪ್ಪಿದ್ದಲ್ಲ ಎಂಬುದು ಗಮನಾರ್ಹ. ಆದ್ದರಿಂದ ದಾಖಲೆ ಇನ್ನಷ್ಟು ಶುದ್ಧವಾದರೆ ಸಮಸ್ಯೆ ತಾನಾಗಿಯೇ ಮಾಯವಾಗುತ್ತದೆ ಎಂಬ ನಂಬಿಕೆ ಸಾಧುವಲ್ಲ.

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಸಾರಿದ್ದು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಅದರ ಬೆನ್ನಿನಲ್ಲಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತಿದ್ದುಪಡಿಯ ಹಕ್ಕನ್ನು ಹೇಳುತ್ತದೆ. ಆದರೆ ಅದರ 12ನೇ ಪ್ರಕರಣವು ಆ ಹಕ್ಕನ್ನು ಸಮ್ಮತಿಯ ಮೇಲೆ ನೀಡಿದ ಮಾಹಿತಿಗೆ ಕಟ್ಟಿಹಾಕಿದೆ. ಸಹಾಯಧನ, ಸವಲತ್ತುಗಳಿಗಾಗಿ ರಾಜ್ಯವು ತನ್ನ ದಾಖಲೆಗಳನ್ನು ಬಳಸಿಕೊಳ್ಳಲು 7ನೇ ಪ್ರಕರಣ ಪ್ರತ್ಯೇಕ ದಾರಿಯನ್ನು ತೆರೆದಿದೆ. ಬಡವನ ಬದುಕನ್ನು ಹೆಚ್ಚು ಮುಟ್ಟುವ ದಾಖಲೆಗಳ ವಿಷಯದಲ್ಲಿಯೇ ತಿದ್ದುಪಡಿಯ ಹಕ್ಕು ಹೀಗೆ ದುರ್ಬಲವಾಗಿದೆ. 1964ರ ಕಾಯಿದೆ ಒಂದು ಗುಂಟೆ ಜಮೀನಿನ ಖಾತೆಗೆ ಕೊಟ್ಟ ರಕ್ಷಣೆಯಷ್ಟನ್ನೂ ಇಂದಿನ ಕಾನೂನು ಒಂದು ಕುಟುಂಬದ ಅನ್ನದ ಚೀಟಿಗೆ ಸ್ಪಷ್ಟವಾಗಿ ಕೊಟ್ಟಿಲ್ಲ.

ಬರದ ಪ್ರಸಂಗದಲ್ಲಿಯೇ ಇದಕ್ಕೆ ಎದುರಾದ ಒಂದು ದೃಷ್ಟಾಂತವಿದೆ. 2016ರ ಬರ ನಿರ್ವಹಣಾ ಕೈಪಿಡಿಯು ಮಳೆ, ತೇವಾಂಶ, ಉಪಗ್ರಹದ ಸಸ್ಯಸೂಚ್ಯಂಕ ಮುಂತಾದ ಅಂಕಿಅಂಶಗಳಷ್ಟನ್ನೇ ನಂಬದೆ, ಆಯ್ದ ಗ್ರಾಮಗಳ ಹೊಲಗಳಿಗೆ ಹೋಗಿ ಬೆಳೆಹಾನಿಯನ್ನು ಕಣ್ಣಾರೆ ನೋಡಬೇಕೆಂದು ವಿಧಿಸುತ್ತದೆ. ಆ ಕ್ರಮವನ್ನು ಅನುಸರಿಸಿ ರಾಜ್ಯವು 18,171 ಕೋಟಿ ರೂಪಾಯಿಯ ನೆರವು ಕೇಳಿತು. ಅದು ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಮೊತ್ತದ ನ್ಯಾಯಾನ್ಯಾಯ ಇಲ್ಲಿ ಚರ್ಚೆಯ ವಿಷಯವಲ್ಲ. ಸರ್ಕಾರ ಸರ್ಕಾರಕ್ಕೆ ಲೆಕ್ಕ ಒಪ್ಪಿಸುವಾಗ ಸ್ಥಳಪರಿಶೀಲನೆಯೂ ಇದೆ, ತಕರಾರು ಹೂಡಲು ದಾರಿಯೂ ಇದೆ ಎಂಬುದು ಗಮನಿಸಬೇಕಾದ ಸಂಗತಿ. ಆ ಎರಡೂ ಒಂದೂವರೆ ಎಕರೆಯ ರಾಗಿ ಬೆಳೆಗಾರನಿಗೆ ಏಕೆ ದೊರೆಯಬಾರದು ಎಂಬ ಪ್ರಶ್ನೆಗೆ ತಾಂತ್ರಿಕವಾದ ಉತ್ತರವಿಲ್ಲ.

7. ಸಮಾರೋಪ

ಒಟ್ಟಿನಲ್ಲಿ, ಪಹಣಿಯ ಇತಿಹಾಸದಿಂದ ದತ್ತಾಂಶ ವಿಶ್ಲೇಷಣೆಯನ್ನು ಬೆಲೆಕಟ್ಟಲು ಮೂರು ಮಾನದಂಡಗಳು ದೊರೆಯುತ್ತವೆ. ಮೊದಲನೆಯದು, ದಾಖಲೆಯಲ್ಲಿ ಯಾರಿಗೆ ಕಾಲಮೇ ಇಲ್ಲ ಎಂಬುದನ್ನು ವಿಶ್ಲೇಷಣೆಗೆ ಮೊದಲೇ ಗುರುತಿಸಿ ಬಹಿರಂಗವಾಗಿ ಹೇಳಬೇಕು. ಗೇಣಿದಾರನ ವಿಷಯದಲ್ಲಿ, ಮಾಲೀಕತ್ವದ ಹಕ್ಕಿಗೆ ಧಕ್ಕೆಯಾಗದಂತೆ ಬೆಳೆ ಪರಿಹಾರಕ್ಕೆ ಸೀಮಿತವಾದ ಸಾಗುವಳಿ ನಮೂದಿನ ಸಾಧ್ಯತೆಯನ್ನು ಯೋಚಿಸಬಹುದು. ಎರಡನೆಯದು, ಸವಲತ್ತನ್ನು ಕೊಡುವ ತೀರ್ಮಾನಕ್ಕೂ ಕಸಿಯುವ ತೀರ್ಮಾನಕ್ಕೂ ಒಂದೇ ಅಳತೆ ಸಲ್ಲದು. ದಾಖಲೆಗಳ ತಾಳೆಯಿಂದ ಕೊಡುವುದಾದರೆ ತಪ್ಪಿನಿಂದ ಬೊಕ್ಕಸಕ್ಕೆ ಸ್ವಲ್ಪ ನಷ್ಟ; ಕಸಿಯುವುದಾದರೆ ತಪ್ಪಿನಿಂದ ಒಂದು ಮನೆಯ ಒಲೆ ಆರಬಹುದು. ಆದ್ದರಿಂದ ಕಸಿಯುವ ಮುನ್ನ ಯಾರಾದರೊಬ್ಬರು ಹೋಗಿ ನೋಡಬೇಕು. ಮೂರನೆಯದು, ಪ್ರತಿಯೊಂದು ತೀರ್ಮಾನವೂ ಅದರ ಕಾರಣದೊಂದಿಗೆ, ಕನ್ನಡದಲ್ಲಿ, ಸಂಬಂಧಪಟ್ಟವರಿಗೆ ತಲುಪಬೇಕು; ತಕರಾರಿಗೆ ಸ್ವೀಕೃತಿ ಸಿಗಬೇಕು; ಅದನ್ನು ಕೇಳಿಸಿಕೊಳ್ಳುವ ಅಧಿಕಾರಿ ತಾಲ್ಲೂಕಿನಲ್ಲಿಯೇ ಇರಬೇಕು. ಇವು ಯಾವುವೂ ಹೊಸ ಆವಿಷ್ಕಾರಗಳಲ್ಲ. 129ನೇ ಪ್ರಕರಣದಲ್ಲಿ ಅರ್ಧ ಶತಮಾನಕ್ಕೂ ಹಿಂದೆಯೇ ಬರೆದಿಟ್ಟ ವಿಧಿಗಳನ್ನು ಹೊಸ ದಾಖಲೆಗಳಿಗೆ ವಿಸ್ತರಿಸುವ ಮಾತು ಮಾತ್ರ.

ಶಾನುಭೋಗನ ಕಡತ ಅನ್ಯಾಯದಿಂದ ಮುಕ್ತವಾಗಿರಲಿಲ್ಲ. ಅದರ ಕಾಲಕ್ಕೆ ಮರಳಬೇಕೆಂದು ಯಾರೂ ಬಯಸಲಾರರು. ಗಣಕ ಆ ಅನ್ಯಾಯದ ಒಂದು ಭಾಗವನ್ನು ನಿಜವಾಗಿಯೂ ತೊಡೆದುಹಾಕಿದೆ. ಆದರೆ ಲೆಕ್ಕ ಬರೆದವನ ಮನೆಬಾಗಿಲಿಗೆ ಹೋಗಿ, ಇದು ತಪ್ಪು ಎಂದು ಹೇಳಲು ಅಂದಿನ ರೈತನಿಗೆ ಒಂದು ವಿಳಾಸವಿತ್ತು. ಇಂದಿನ ರೈತನಿಗೂ ಅಂಥ ಒಂದು ವಿಳಾಸವನ್ನು ಒದಗಿಸಿದಾಗ ಮಾತ್ರ ದತ್ತಾಂಶ ವಿಶ್ಲೇಷಣೆಯನ್ನು ಸಾರ್ವಜನಿಕ ಸೇವೆಯ ಸುಧಾರಣೆ ಎಂದು ಕರೆಯುವುದು ಸಮಂಜಸವಾದೀತು.